ಸೀಳು ಕಣಿವೆಯ ತಣ್ಣೀರಿಗೆ ಯಾವ ವೆಟ್‌ಸೂಟ್?

ಪ್ರಶ್ನೆ: ನಾವು ಹುಬ್ಬಳ್ಳಿಯ ನಾಲ್ವರು ಗೆಳೆಯರು. ಅಕ್ಟೋಬರ್ ಎರಡನೇ ವಾರ ಅಮೆರಿಕದ ಯೂಟಾ ರಾಜ್ಯದ ಝಯಾನ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಿದ್ದೇವೆ. ಅಲ್ಲಿನ ಕೀಹೋಲ್, ಪೈನ್ ಕ್ರೀಕ್ ಮತ್ತು ಸಬ್‌ವೇ ಎಂಬ ಸ್ಲಾಟ್ ಕ್ಯಾನ್ಯನ್‌ಗಳನ್ನು (ಸೀಳು ಕಣಿವೆಗಳನ್ನು) ಇಳಿಯುವ ಯೋಚನೆ. ಹಗ್ಗದ ಇಳಿತ ಕಲಿತಿದ್ದೇವೆ, ಎಲ್ಲರಿಗೂ ಈಜು ಬರುತ್ತದೆ. ಆನ್‌ಲೈನ್‌ನಲ್ಲಿ ತಣ್ಣೀರಲ್ಲಿ ಮೈ ಬೆಚ್ಚಗಿಡುವ ರಬ್ಬರ್ ಉಡುಪು, 3/2 ಅಳತೆಯ (ಮುಂಡಕ್ಕೆ 3, ಕೈಕಾಲಿಗೆ 2 ಮಿಲಿಮೀಟರ್ ದಪ್ಪದ) ಸರ್ಫಿಂಗ್ ವೆಟ್‌ಸೂಟ್ ಅಗ್ಗಕ್ಕೆ ಸಿಗುತ್ತಿದೆ. ಅದು ಸಾಕೇ? ನಮ್ಮಲ್ಲಿ ಒಬ್ಬ ತೀರಾ ಸಣಕಲ, ಇನ್ನೊಬ್ಬನಿಗೆ ಹೊಟ್ಟೆ ಇದೆ. ಕೊಳ್ಳುವುದೋ, ಅಲ್ಲೇ ಬಾಡಿಗೆಗೆ ಪಡೆಯುವುದೋ?

ಉತ್ತರ: ಸಾಲದು. 3/2 ಸೂಟು ಗೋವಾದ ಸಮುದ್ರಕ್ಕೆ ಹೆಚ್ಚಾಯಿತು, ಅಕ್ಟೋಬರ್‌ನ ಕೀಹೋಲ್‌ಗೆ ಕಡಿಮೆಯಾಯಿತು. ಆದರೆ ‘ಎಷ್ಟು ಮಿಲಿಮೀಟರ್ ದಪ್ಪ’ ಎನ್ನುವುದು ಎರಡನೇ ಪ್ರಶ್ನೆ. ಮೊದಲನೆಯದು, ನಿಮಗೆ ಚಳಿ ಹತ್ತುವುದು ಎಲ್ಲಿ ಎನ್ನುವುದು.

ಸೀಳು ಕಣಿವೆಯ ನೀರು ಬಹುಪಾಲು ಹರಿಯುವ ಹೊಳೆಯ ನೀರಲ್ಲ. ಮಳೆ ಬಂದಾಗ ತುಂಬಿಕೊಂಡ ಗುಂಡಿಗಳಲ್ಲಿ ವಾರಗಟ್ಟಲೆ ನಿಂತಿರುತ್ತದೆ. ಗೋಡೆಗಳು ಹತ್ತಾರು ಮೀಟರ್ ಎತ್ತರ, ನಡುವಿನ ಸಂದು ಕೆಲವು ಕಡೆ ಭುಜ ಅಡ್ಡ ಮಾಡಿ ನುಸುಳುವಷ್ಟೇ. ಬಿಸಿಲು ತಳ ಮುಟ್ಟುವುದೇ ಇಲ್ಲ. ಮೇಲೆ ಮರುಭೂಮಿಯ ಬಿಸಿಲಿದ್ದರೂ ಕೆಳಗಿನ ನೀರು ಬೇಸಿಗೆಯಲ್ಲೂ ನಡುಗಿಸುತ್ತದೆ. ಅದಕ್ಕೇ ಕೀಹೋಲ್‌ಗೆ ಜುಲೈನಲ್ಲಿ ಹೋಗುವವರೂ ವೆಟ್‌ಸೂಟ್ ಹಾಕುತ್ತಾರೆ. ಅಕ್ಟೋಬರ್‌ನಲ್ಲಿ ರಾತ್ರಿಗಳು ತಣ್ಣಗಾಗಿರುವುದರಿಂದ ನೀರು 10 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಕೆಲವು ಗುಂಡಿಗಳಲ್ಲಿ ಅದಕ್ಕೂ ಕಡಿಮೆ ಎಂದು ಲೆಕ್ಕ ಹಿಡಿದೇ ಹೊರಡಬೇಕು. ಅಷ್ಟೇ ತಾಪಮಾನದ ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗದಲ್ಲಿ ಶಾಖವನ್ನು ಸಾಗಿಸಿಬಿಡುತ್ತದೆ.

ಈಗ ನಾಲ್ವರು ಒಂದು ಹಗ್ಗದಲ್ಲಿ ಇಳಿಯುವುದನ್ನು ಲೆಕ್ಕ ಹಾಕಿ. ಮೊದಲನೆಯವನು ಇಳಿದು, ಗುಂಡಿ ಈಜಿ, ಆಚೆಯ ಮರಳಿನ ಮೇಲೆ ನಿಲ್ಲುತ್ತಾನೆ. ಉಳಿದ ಮೂವರು ಇಳಿದು, ಹಗ್ಗ ಎಳೆದು, ಸುತ್ತಿ ಚೀಲಕ್ಕೆ ತುಂಬುವ ಹೊತ್ತಿಗೆ ಇಪ್ಪತ್ತು ನಿಮಿಷ ಸರಾಗವಾಗಿ ಹೋಗುತ್ತದೆ. ಈಜಿದ್ದು ಎರಡು ನಿಮಿಷ, ಒದ್ದೆ ಮೈಯಲ್ಲಿ ನಿಂತದ್ದು ಇಪ್ಪತ್ತು. ಆ ಸಂದಿನಲ್ಲಿ ಗಾಳಿ ಕೊಳವೆಯಲ್ಲಿ ಊದಿದಂತೆ ಬರುತ್ತದೆ. ಸರ್ಫಿಂಗ್ ಮಾಡುವವನು ಸದಾ ಕೈಕಾಲು ಬಡಿಯುತ್ತಿರುತ್ತಾನೆ, ನೀವು ನಿಂತಿರುತ್ತೀರಿ. ಹಾಗಾಗಿ ಸಮುದ್ರಕ್ಕೆಂದು ಬರೆದ ದಪ್ಪದ ಪಟ್ಟಿಯಲ್ಲಿ ಒಂದು ಮೆಟ್ಟಿಲು ಮೇಲಿನದನ್ನೇ ಆರಿಸಬೇಕು.

ನಮ್ಮ ಕಡೆ ಬೇಸಿಗೆಯಲ್ಲಿ ನೀರಿನ ಹರವಿಗೆ ಒದ್ದೆ ಅರಿವೆ ಸುತ್ತಿ ಗಾಳಿ ಬರುವ ಕಡೆ ಇಡುತ್ತೇವಲ್ಲ, ವೆಟ್‌ಸೂಟಿನ ಹೊರಗಿನ ನೈಲಾನ್ ಬಟ್ಟೆ ಅದೇ ಕೆಲಸ ಮಾಡುತ್ತದೆ. ಅದು ಹೀರಿಕೊಂಡ ನೀರು ಆರುವಾಗ ನಿಮ್ಮ ಶಾಖವನ್ನೇ ತಿನ್ನುತ್ತದೆ. ಇಲ್ಲಿ ಹರವಿ ನೀವೇ. ಇದಕ್ಕೆ ಮದ್ದು ಬಹಳ ಅಗ್ಗ: ಸೂಟಿನ ಮೇಲೆ ತೊಡಲು ಒಂದು ತೆಳುವಾದ ನೈಲಾನ್ ವಿಂಡ್‌ಚೀಟರ್. ಅಸ್ತರು ಬೇಡ, ಹತ್ತಿಯದ್ದಂತೂ ಬೇಡವೇ ಬೇಡ. ಒಂದು ಮಿಲಿಮೀಟರ್ ದಪ್ಪ ಹೆಚ್ಚಿಸಲು ಸುರಿಯುವ ದುಡ್ಡಿಗಿಂತ ಈ ವಿಂಡ್‌ಚೀಟರ್ ಹೆಚ್ಚು ಬೆಚ್ಚಗಿಡುತ್ತದೆ.

‘ಸೂಟಿನೊಳಗೆ ಬಂದ ನೀರು ಮೈಶಾಖಕ್ಕೆ ಬಿಸಿಯಾಗಿ ಬೆಚ್ಚಗಿಡುತ್ತದೆ’ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಅರ್ಧ ಸತ್ಯ. ಬೆಚ್ಚಗಿಡುವುದು ನಿಯೋಪ್ರೀನ್ ಎಂಬ ಸಂಶ್ಲೇಷಿತ ರಬ್ಬರಿನ ಒಳಗೆ ಸಿಕ್ಕಿಬಿದ್ದ ಸಣ್ಣ ಸಣ್ಣ ಅನಿಲದ ಗುಳ್ಳೆಗಳು. ಒಳಗಿನ ನೀರು ಕಡಿಮೆ ಇದ್ದಷ್ಟೂ, ಅಲ್ಲಾಡದಷ್ಟೂ ಒಳ್ಳೆಯದು. ಹೊಸ ಕೌದಿ ಬೆಚ್ಚಗಿರುತ್ತದೆ, ಹತ್ತು ವರ್ಷ ತುಳಿದು ಚಪ್ಪಟೆಯಾದ ಕೌದಿ ತೂಕ ಅಷ್ಟೇ ಇದ್ದರೂ ಚಳಿ ತಡೆಯುವುದಿಲ್ಲ. ವೆಟ್‌ಸೂಟೂ ಹಾಗೆಯೇ. ಗುಳ್ಳೆಗಳು ಒಡೆದು ಕುಗ್ಗಿದ ಹಳೆಯ 4 ಮಿಲಿಮೀಟರ್ ಸೂಟು ಹೊಸ 3ಕ್ಕಿಂತ ಕಡೆ ಆಗಿರಬಹುದು. ಬಾಡಿಗೆ ಅಂಗಡಿಯಲ್ಲಿ ಎರಡು ಬೆರಳಲ್ಲಿ ಚಿವುಟಿ ನೋಡಿ. ಬಿಟ್ಟ ಕೂಡಲೇ ಪುಟಿದು ಬಂದರೆ ಜೀವ ಇದೆ. ಕಾಗದದಂತೆ ಗೀರು ಉಳಿದರೆ ಅಥವಾ ಮೊಣಕಾಲಿನ ಭಾಗ ಪಕ್ಕದ ಭಾಗಕ್ಕಿಂತ ತೆಳ್ಳಗೆ, ಗಟ್ಟಿಯಾಗಿದ್ದರೆ ಬೇರೆಯದು ಕೇಳಿ.

ದಪ್ಪದ ಲೆಕ್ಕ ಹೀಗಿದೆ. 4/3 ಅಂದರೆ ಎದೆ, ಹೊಟ್ಟೆ, ಬೆನ್ನಿಗೆ 4 ಮಿಲಿಮೀಟರ್, ಕೈಕಾಲಿಗೆ 3. ಸಹ್ಯಾದ್ರಿಯ ಹಳ್ಳಗಳಲ್ಲಿ, ಜಲಪಾತದ ಇಳಿತಕ್ಕೆ 2ರಿಂದ 3 ಸಾಕೋ ಸಾಕು, ಅಲ್ಲಿ ಸೂಟಿನ ಮುಖ್ಯ ಕೆಲಸ ಚರ್ಮ ತರಚದಂತೆ ಕಾಯುವುದು. ನೀರು 15ರಿಂದ 20 ಡಿಗ್ರಿ ಇದ್ದರೆ 3/2. 10ರಿಂದ 15 ಇದ್ದರೆ 4/3, ಹತ್ತರ ಕೆಳಗೆ ಇಳಿದರೆ 5/4 ಮತ್ತು ತಲೆಗೆ ಟೊಪ್ಪಿ. ನಿಮ್ಮ ಪ್ರವಾಸ ಈ ಕೊನೆಯ ಎರಡರ ಗಡಿಯಲ್ಲಿದೆ. ಸಣಕಲ ಗೆಳೆಯರಿಗೆ ಮಾತೇ ಇಲ್ಲ, 5/4. ಉಳಿದವರಿಗೆ ಚೆನ್ನಾಗಿ ಕೂರುವ 4/3, ಜೊತೆಗೆ ಟೊಪ್ಪಿ ಹೊಲಿದಿರುವ 2 ಮಿಲಿಮೀಟರ್ ತೋಳಿಲ್ಲದ ಅಂಗಿ ಒಳಗೆ ತೊಟ್ಟರೆ ನಡೆಯುತ್ತದೆ.

ಇನ್ನೊಂದು ದಾರಿ ಎರಡು ತುಂಡಿನ ಸೂಟು: ತೋಳಿಲ್ಲದ, ಎದೆಯಿಂದ ಕಾಲಿನವರೆಗೆ ಪೂರ್ತಿ ಮುಚ್ಚುವ ಕೆಳತುಂಡು ಮತ್ತು ಅದರ ಮೇಲೊಂದು ಜಾಕೆಟ್. ಕೆಳಗಿನದು 5, ಮೇಲಿನದು 5 ಇದ್ದರೆ ಎದೆಯ ಮೇಲೆ ಒಟ್ಟು 10 ಮಿಲಿಮೀಟರ್. ನಡೆಯುವ ಒಣ ಹಾದಿ ಬಂದಾಗ ಜಾಕೆಟ್ ಕಳಚಿ ಚೀಲಕ್ಕೆ ಹಾಕಬಹುದು. ಸಬ್‌ವೇಯಂಥ ದಿನಪೂರ್ತಿಯ ದಾರಿಗೆ, ನಡಿಗೆಯೇ ಹೆಚ್ಚು ಈಜು ಕಡಿಮೆ ಇರುವಲ್ಲಿ, ನನ್ನ ಮತ ಇದರ ಕಡೆಗೇ. ಕೀಹೋಲ್ ಎರಡು-ಮೂರು ತಾಸಿನ ಚಿಕ್ಕ ಕಣಿವೆ. ಆದರೆ ಕೊನೆಯಲ್ಲಿ ಕತ್ತಲ ಓಣಿಯಂಥ ಸಂದಿನಲ್ಲಿ ಉದ್ದಕ್ಕೆ ಈಜಬೇಕು. ಅಲ್ಲಿ ನೀರು ಒಳನುಗ್ಗದ ಒಂದೇ ತುಂಡಿನ ಸೂಟು ಗೆಲ್ಲುತ್ತದೆ. ಮೈಗೆ ನೀರೇ ತಾಕದ ಡ್ರೈಸೂಟ್ ಬಗ್ಗೆ ಯಾರಾದರೂ ಹೇಳಿದರೆ ಸದ್ಯಕ್ಕೆ ಬಿಡಿ. ಮರಳು ಅದರ ಜಿಪ್ ಕೆಡಿಸುತ್ತದೆ, ಮರಳುಗಲ್ಲು ಒಂದು ತೂತು ಮಾಡಿದರೆ ಒಳಗೆಲ್ಲ ನೀರು. ಬೆಲೆಯೂ ಬಹಳ.

ಅಳತೆಗೆ ಬರೋಣ, ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ಅಂಗಿ ಕೊಂಡಂತೆ ‘ಸ್ವಲ್ಪ ಸಡಿಲ ಇರಲಿ’ ಎಂದು ಕೊಂಡರೆ ಕೆಟ್ಟಿತು. ಸಡಿಲವಿದ್ದಲ್ಲಿ ನೀರು ತುಂಬುತ್ತದೆ, ನೀವು ಬಗ್ಗಿದಾಗ ಹೊರಗೆ ಹೋಗುತ್ತದೆ, ಎದ್ದಾಗ ಹೊಸ ತಣ್ಣೀರು ಒಳಗೆ ಬರುತ್ತದೆ. ನೀವು ಬಿಸಿ ಮಾಡಿದ್ದೆಲ್ಲ ಪ್ರತಿ ಸಲ ಹೊಳೆಗೆ. ಸೊಂಟದ ಹಿಂದಿನ ಕುಣಿ, ಕಂಕುಳು, ತೊಡೆಸಂದು, ಕುತ್ತಿಗೆಯ ಹಿಂಭಾಗ, ಈ ನಾಲ್ಕು ಕಡೆ ಬಟ್ಟೆ ಎತ್ತಿ ನಿಲ್ಲಬಾರದು. ಹಾಗೆಂದು ಉಸಿರು ಪೂರ್ತಿ ಎಳೆಯಲು ಆಗದಷ್ಟು ಬಿಗಿಯೂ ಬೇಡ. ಮುಂಗೈ, ಮೀನಖಂಡ ಬಿಗಿದರೆ ರಕ್ತ ಹರಿಯದೆ ಬೆರಳು ಬೇಗ ಮರಗಟ್ಟುತ್ತವೆ. ತೊಟ್ಟು ಎರಡೂ ಕೈ ಮೇಲೆತ್ತಿ, ಕುಕ್ಕರಗಾಲಲ್ಲಿ ಕೂತು ಏಳಿ, ಒಂದು ಕಾಲನ್ನು ಕುರ್ಚಿಯ ಎತ್ತರಕ್ಕೆ ಇಡಿ. ತೊಡೆಸಂದು ಕೆಳಗೆ ಎಳೆದರೆ ಸೂಟು ಗಿಡ್ಡ, ಮೊಣಕಾಲ ಹಿಂದೆ ಮಡಿಕೆ ಗುಡ್ಡೆ ಬಿದ್ದರೆ ಉದ್ದ.

ಹೊಟ್ಟೆ ಇರುವ ಗೆಳೆಯರು ಹೊಟ್ಟೆಗೆ ತಕ್ಕಂತೆ ದೊಡ್ಡದು ಆರಿಸಿದರೆ ಕೈಕಾಲು, ಬೆನ್ನು ಸಡಿಲವಾಗುತ್ತದೆ. ಎದೆ ಮತ್ತು ಎತ್ತರಕ್ಕೆ ಹೊಂದುವ ಅಳತೆ ಹಿಡಿಯಲಿ. ನಿಯೋಪ್ರೀನ್ ಹೊಟ್ಟೆಗೆ ಹಿಗ್ಗಿ ಕೊಡುತ್ತದೆ, ಸಡಿಲ ಬೆನ್ನಿಗೆ ಕುಗ್ಗುವುದಿಲ್ಲ. ಹಲವು ಕಂಪನಿಗಳು ಒಂದೇ ಅಳತೆಯಲ್ಲಿ ಗಿಡ್ಡ, ಉದ್ದ ಎಂದು ಬೇರೆ ಬೇರೆ ಮಾಡುತ್ತವೆ, ಕೇಳಿ ನೋಡಿ. ಅಂತೂ ಎರಡೂ ಕೂರದಿದ್ದರೆ ಇವರಿಗೇ ಎರಡು ತುಂಡಿನ ಸೂಟು, ಮೇಲಿನದು ಒಂದು ಅಳತೆ, ಕೆಳಗಿನದು ಇನ್ನೊಂದು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬೆಳಿಗ್ಗೆ ತಂಪು ಹೊತ್ತಿನಲ್ಲಿ ತೊಡಿ. ಹುಬ್ಬಳ್ಳಿಯ ಮಧ್ಯಾಹ್ನ 5 ಮಿಲಿಮೀಟರ್ ಸೂಟಿನಲ್ಲಿ ಹತ್ತು ನಿಮಿಷ ನಿಂತರೆ ತಲೆ ಸುತ್ತುತ್ತದೆ. ಉಗುರು ಕತ್ತರಿಸಿಕೊಂಡಿರಿ. ಪಾದಕ್ಕೆ ಒಂದು ಪ್ಲಾಸ್ಟಿಕ್ ಕೈಚೀಲ ಹಾಕಿಕೊಂಡರೆ ಕಾಲು ಸರಕ್ಕನೆ ಇಳಿಯುತ್ತದೆ, ಕೈಗೂ ಹಾಗೇ ಮಾಡಿ. ಬೆರಳ ತುದಿಯಿಂದ ಚಿವುಟಿ ಎಳೆಯದೆ ಅಂಗೈಯಿಂದ ಹಿಡಿದು ಮೇಲೇರಿಸಿ. ಉಗುರಿನ ಅರ್ಧಚಂದ್ರದ ಸೀಳು ಹೊಸ ಸೂಟಿಗೆ ಬೀಳುವ ಮೊದಲ ಗಾಯ. ಆಮೇಲೆ ಬಚ್ಚಲಿಗೆ ಹೋಗಿ, ಒಬ್ಬರು ನಿಮ್ಮ ಕುತ್ತಿಗೆಯ ಹಿಂದೆ ತಂಬಿಗೆಯಿಂದ ನಿಧಾನ ನೀರು ಸುರಿಯಲಿ, ನೀವು ಮುಂದೆ ಬಗ್ಗಿ ಎದ್ದು ಮಾಡಿ. ಬೆನ್ನಹುರಿಯಗುಂಟ ತೊರೆಯಾಗಿ ಸೊಂಟದವರೆಗೆ ಇಳಿದರೆ ಆ ಸೂಟು ಹಿಂದಕ್ಕೆ ಕಳಿಸಿ. ಒಂದೆರಡು ಹನಿ ಜಿನುಗಿ ನಿಂತರೆ ಸರಿ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಒದ್ದೆಯಾದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎನ್ನಬಹುದು. ನಿಯಮ ಮೊದಲೇ ಓದಿ, ಒಣ ಪರೀಕ್ಷೆ ಪಾಸಾದ ಮೇಲಷ್ಟೇ ತಂಬಿಗೆ ಎತ್ತಿ.

ಸರ್ಫಿಂಗ್ ಸೂಟಿಗೆ ಬೇಡ ಎನ್ನಲು ದಪ್ಪವೊಂದೇ ಕಾರಣವಲ್ಲ. ಅದನ್ನು ಮಾಡಿರುವುದು ಹಿಗ್ಗಲಿಕ್ಕೆ, ಉಜ್ಜಲಿಕ್ಕಲ್ಲ. ಎದೆ-ಬೆನ್ನಿಗೆ ಬಟ್ಟೆಯಿಲ್ಲದ ನುಣುಪು ರಬ್ಬರ್ ಇರುವ ಸೂಟು ಗಾಳಿಗೆ ಬೆಚ್ಚಗಿರುತ್ತದೆ, ನಿಜ. ಆದರೆ ಝಯಾನ್‌ನ ಮರಳುಗಲ್ಲು ಉಪ್ಪುಕಾಗದದಂತೆ. ಬೆನ್ನು ಒಂದು ಗೋಡೆಗೆ, ಪಾದ ಇನ್ನೊಂದಕ್ಕೆ ಒತ್ತಿ ಇಳಿಯುವಾಗ, ಕುಂಡೆಯ ಮೇಲೆ ಜಾರುವಾಗ ಅದು ಒಂದೇ ದಿನದಲ್ಲಿ ತೂತಾಗುತ್ತದೆ. ಕಣಿವೆ ಇಳಿಯಲೆಂದೇ ಮಾಡಿದ ಸೂಟಿನಲ್ಲಿ ಮೊಣಕಾಲು, ಮೊಣಕೈ, ಹಿಂಭಾಗಕ್ಕೆ ಒರಟು ಬಟ್ಟೆಯ ತೇಪೆ ಇರುತ್ತದೆ, ಜಿಪ್ ಮುಂದೆ ಇರುತ್ತದೆ. ಮುಂದಿನ ಜಿಪ್ಪಿನ ಲಾಭ ಗೊತ್ತಾಗುವುದು ನಡೆಯುವಾಗ: ಹೊಟ್ಟೆಯವರೆಗೆ ತೆರೆದರೆ ಸೆಖೆ ಹೋಗುತ್ತದೆ. ಬೆನ್ನ ಜಿಪ್ ತೊಡಲು ಸುಲಭ, ಆದರೆ ಅಲ್ಲಿಂದಲೇ ನೀರು ನುಗ್ಗುವುದು, ಅದರ ಉದ್ದದ ಎಳೆಪಟ್ಟಿ ಚೀಲಕ್ಕೆ, ಹಗ್ಗಕ್ಕೆ ಸಿಕ್ಕುವುದು. ಡೈವಿಂಗ್ ಸೂಟು ಗಟ್ಟಿ, ಅಗ್ಗಕ್ಕೆ ಸಿಗುತ್ತದೆ, ಕೈ ಎತ್ತಲು ತುಸು ಬಿಗಿ. ಸಿಕ್ಕರೆ ಅದೂ ನಡೆದೀತು.

ಹೊಲಿಗೆಯನ್ನು ಒಳಗಿನಿಂದ ತಿರುವಿ ನೋಡಿ. ಎರಡೂ ಕಡೆ ರೈಲುಹಳಿಯಂತೆ ಚಪ್ಪಟೆ ಹೊಲಿಗೆ ಕಂಡರೆ ಅದು ಫ್ಲ್ಯಾಟ್‌ಲಾಕ್. ಪ್ರತಿ ಸೂಜಿ ತೂತಿನಿಂದಲೂ ನೀರು ಬರುತ್ತದೆ, ಬೆಚ್ಚನೆ ನೀರಿಗಷ್ಟೇ ಲಾಯಕ್ಕು. ನಿಮಗೆ ಬೇಕಾದದ್ದು ಅಂಚುಗಳನ್ನು ಮೊದಲು ಅಂಟಿಸಿ, ಆಮೇಲೆ ಸೂಜಿ ಆಚೆ ಬದಿಗೆ ದಾಟದಂತೆ ಹೊಲಿದದ್ದು. ಇದನ್ನು ಬ್ಲೈಂಡ್‌ಸ್ಟಿಚ್ ಎನ್ನುತ್ತಾರೆ. ಅಗ್ಗದ ಸೂಟುಗಳು ಅಗ್ಗವಾಗುವುದು ಹೆಚ್ಚಾಗಿ ಇಲ್ಲೇ.

ಹಿಂಭಾಗ ಉಳಿಸಿಕೊಳ್ಳಲು ಒಂದು ಹಳೆಯ ಪಾಲಿಯೆಸ್ಟರ್ ಅರ್ಧ ಚಡ್ಡಿಯನ್ನು ಸೂಟಿನ ಮೇಲೆ ಹಾಕಿಕೊಳ್ಳಿ. ಇನ್ನೂ ಗಟ್ಟಿ ಬೇಕೆಂದರೆ ಲಾರಿ ತಾಡಪತ್ರಿ ಹೊಲಿಯುವವರ ಹತ್ತಿರ ಪಿವಿಸಿ ಲೇಪದ ಬಟ್ಟೆಯ ತುಂಡು ತೆಗೆದುಕೊಂಡು, ಹಾರ್ನೆಸ್‌ನ (ಹಗ್ಗಕ್ಕೆ ಜೋಡಿಸಿಕೊಳ್ಳಲು ಸೊಂಟ, ತೊಡೆಗೆ ಕಟ್ಟುವ ಪಟ್ಟಿಗಳ ಜೋಡು) ಸೊಂಟಪಟ್ಟಿ ತೂರಿಸುವಂತೆ ಮೇಲೆ ಒಂದು ಕೊಳವೆ, ತೊಡೆಪಟ್ಟಿಗೆ ಕೆಳಗೆ ಎರಡು ಲೂಪು ಹೊಲಿಸಿ. ಅದನ್ನು ಸೂಟಿಗೇ ಹೊಲಿಸಬೇಡಿ, ದರ್ಜಿಯ ಸೂಜಿ ಹೋದಲ್ಲೆಲ್ಲ ನೀರಿಗೆ ಬಾಗಿಲು. ಹಾರ್ನೆಸ್ ಸಹ ಸೂಟಿನ ಮೇಲೆ ಹಾಕಿ ಮೊದಲೇ ನೋಡಿ. ಬರಿಯ ಪ್ಯಾಂಟಿನ ಮೇಲೆ ಸರಿಯಾಗಿದ್ದ ತೊಡೆಪಟ್ಟಿ 5 ಮಿಲಿಮೀಟರ್ ಮೇಲೆ ಸಾಲದೆ ಹೋಗುವುದುಂಟು.

ಕೈ, ಕಾಲು, ತಲೆ. ಬಹಳ ಜನ ಸೂಟಿಗೆ ದುಡ್ಡು ಹಾಕಿ ಇದನ್ನು ಮರೆಯುತ್ತಾರೆ. ಪಾದಕ್ಕೆ 3ರಿಂದ 5 ಮಿಲಿಮೀಟರ್ ನಿಯೋಪ್ರೀನ್ ಕಾಲುಚೀಲ, ಅದರ ಮೇಲೆ ಅರ್ಧದಿಂದ ಒಂದು ಅಳತೆ ದೊಡ್ಡ ಬೂಟು. ಸೂಟಿನ ಕಾಲಂಚು ಕಾಲುಚೀಲದ ಹೊರಗೆ ಬರಲಿ. ಒಳಗೆ ಹಾಕಿದರೆ ಮರಳು, ನೀರು ಎರಡೂ ಚೀಲ ತುಂಬುತ್ತವೆ. ತಲೆಗೆ 2–3 ಮಿಲಿಮೀಟರ್ ಟೊಪ್ಪಿ, ಹೆಲ್ಮೆಟ್ಟಿನ ಕೆಳಗೆ. ಅದು ಕುತ್ತಿಗೆಯಿಂದ ನೀರು ಇಳಿಯುವುದನ್ನೂ ತಡೆಯುತ್ತದೆ.

ಕೈಗವಸು ಮಾತ್ರ ಲೆಕ್ಕಾಚಾರದ ವಿಷಯ. ದಪ್ಪವಾದರೆ ಗುಂಡಿಯಲ್ಲಿ ತೇಲುತ್ತಾ ಇಳಿತದ ಸಾಧನದಿಂದ ಹಗ್ಗ ಬಿಡಿಸಲು ಬೆರಳು ಬಗ್ಗುವುದಿಲ್ಲ. ತೆಳುವಾದರೆ ಬೆರಳೇ ಮರಗಟ್ಟುತ್ತದೆ. ಮರಗಟ್ಟಿದ ಕೈ ಹಗ್ಗದ ಹಿಡಿತ ಬಿಟ್ಟರೆ ಮುಂದಿನದು ಹೇಳಬೇಕಿಲ್ಲ. ಇದನ್ನು ಹುಬ್ಬಳ್ಳಿಯಲ್ಲೇ ಪರೀಕ್ಷಿಸಿ. 10 ಲೀಟರ್ ನಲ್ಲಿನೀರಿನ ಬಕೀಟಿಗೆ ಒಂದೂವರೆ ಕೆಜಿಯಿಂದ ಎರಡು ಕೆಜಿ ಐಸ್ ಪುಡಿ ಮಾಡಿ ಹಾಕಿದರೆ ನೀರು 24 ಡಿಗ್ರಿಯಿಂದ ಹತ್ತರ ಹತ್ತಿರ ಇಳಿಯುತ್ತದೆ. ಅಡುಗೆ ಥರ್ಮಾಮೀಟರ್ ಇದ್ದರೆ ಅಳೆಯಿರಿ. ಗವಸು ತೊಟ್ಟ ಕೈ ಮಣಿಕಟ್ಟಿನವರೆಗೆ ಹತ್ತು ನಿಮಿಷ ಮುಳುಗಿಸಿ, ತೆಗೆದ ಕೂಡಲೇ ಎಂಟರ ಗಂಟು ಹಾಕಿ, ಕ್ಯಾರಬೀನರ್‌ನ (ಹಗ್ಗ ಸಿಕ್ಕಿಸುವ ಲೋಹದ ಕೊಂಡಿ) ತಿರುಪು ಬಿಚ್ಚಿ, ಹಗ್ಗ ಸಾಧನಕ್ಕೆ ಹಾಕಿ ತೆಗೆಯಿರಿ. 2 ಮಿಲಿಮೀಟರ್ ಗವಸಿನಲ್ಲಿ ಆದದ್ದು 3ರಲ್ಲಿ ಆಗದಿದ್ದರೆ 2 ಕೊಳ್ಳಿ, ಅಂಗೈಗೆ ಹಗ್ಗ ತಡೆಯುವ ಗಟ್ಟಿ ಲೇಪ ಇರಲಿ. ಬೆರಳು ಬೆಳ್ಳಗಾಗುವ ತೊಂದರೆ, ಹೃದಯದ ಕಾಯಿಲೆ ಇದ್ದವರು ಈ ಪರೀಕ್ಷೆಗೂ ಆ ಕಣಿವೆಗೂ ಮುಂಚೆ ಡಾಕ್ಟರನ್ನು ಕಾಣಲಿ.

ಒಳಗೆ ಹತ್ತಿಯ ಬನಿಯನ್ ಬೇಡ. ಕಂಕುಳು ಉಜ್ಜುತ್ತದೆ ಎನ್ನುವವರು ತೆಳುವಾದ ಲೈಕ್ರಾ ಅಂಗಿ ಹಾಕಲಿ. ವ್ಯಾಸಲೀನ್ ಹಚ್ಚುವ ಸಲಹೆ ಕೇಳಿಬರುತ್ತದೆ, ಪೆಟ್ರೋಲಿಯಂ ಜೆಲ್ಲಿ ಸೂಟನ್ನೇ ಹಾಳು ಮಾಡಬಹುದು. ಉಣ್ಣೆಯ ದಪ್ಪ ಥರ್ಮಲ್ ಒಳಗೆ ತುರುಕಿದರೆ ಕೂರುವ ಅಳತೆ ಕೆಟ್ಟು ಇದ್ದ ಬೆಚ್ಚಗೂ ಹೋಗುತ್ತದೆ.

ಸೂಟು ತೊಡುವುದು ನೀರಿನ ಹತ್ತಿರ ಬಂದ ಮೇಲೆ. ಬಿಸಿಲಲ್ಲಿ ಬಂಡೆ ಹತ್ತುವಾಗಲೇ ತೊಟ್ಟರೆ ಬೆವರಿ ಬಸವಳಿದು, ಬೆವರಿನಲ್ಲೇ ತೊಯ್ದು, ಆಮೇಲೆ ತಣ್ಣೀರಿಗೆ ಇಳಿಯುತ್ತೀರಿ. ಜಲನಿರೋಧಕ ಚೀಲದಲ್ಲಿ ಒಣ ಅಂಗಿ, ಶೇಂಗಾ ಉಂಡಿ ಇಲ್ಲವೇ ಚಿಕ್ಕಿ ಇರಲಿ, ಪ್ರತಿ ಇಳಿತದ ಬಳಿ ಒಂದು ತುಣುಕು ಬಾಯಿಗೆ. ಮೈ ಉರಿಸಲು ಕಟ್ಟಿಗೆ ಬೇಕಲ್ಲ. ಯಾರಾದರೂ ತೊದಲಿದರೆ, ಎಡವಿದರೆ, ಬಕಲ್ ಹಾಕಲು ತಡಕಾಡಿದರೆ ಅವರನ್ನು ನೀರಿನಿಂದ ಆಚೆ ತಂದು ಗಾಳಿ ತಡೆದು, ಸಿಹಿ ತಿನ್ನಿಸಿ. ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಕ ನಿಂತರೆ ಸುಧಾರಿಸಿದರು ಎಂದಲ್ಲ, ಕೆಟ್ಟಿತು ಎಂದರ್ಥ.

ವೆಟ್‌ಸೂಟ್ ಚಳಿಗಷ್ಟೇ, ಪ್ರವಾಹಕ್ಕಲ್ಲ. 2015ರ ಸೆಪ್ಟೆಂಬರ್ 14ರಂದು ಇದೇ ಕೀಹೋಲ್‌ನಲ್ಲಿ ದಿಢೀರ್ ಪ್ರವಾಹಕ್ಕೆ ಸಿಕ್ಕಿ ಏಳು ಮಂದಿ ಸತ್ತರು. ನೀವು ಹೇಳಿದ ಮೂರಕ್ಕೂ ಉದ್ಯಾನದ ಪರವಾನಗಿ ಬೇಕು. ಪಡೆಯುವಾಗ ಆ ದಿನದ ಪ್ರವಾಹ ಮುನ್ಸೂಚನೆ ಮತ್ತು ಗುಂಡಿಗಳಲ್ಲಿ ನೀರು ಎಷ್ಟಿದೆ ಎಂದು ಕೇಳಿ. ಸೂಟಿನ ದಪ್ಪದ ಕೊನೆಯ ತೀರ್ಮಾನ ಆ ಉತ್ತರದ ಮೇಲೆಯೇ ನಿಂತಿದೆ.

ಕೊಳ್ಳುವುದೋ ಬಾಡಿಗೆಯೋ? ಮೂರು ಕಣಿವೆಗಾಗಿ 5/4 ಸೂಟು ಕೊಂಡರೆ ಹುಬ್ಬಳ್ಳಿಗೆ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ, ಸಹ್ಯಾದ್ರಿಗೆ ಅದು ಸೆಖೆ. ಆದ್ದರಿಂದ ಸೂಟು ಉದ್ಯಾನದ ಬಾಗಿಲಲ್ಲಿರುವ ಸ್ಪ್ರಿಂಗ್‌ಡೇಲ್ ಊರಿನಲ್ಲಿ ಬಾಡಿಗೆಗೆ ತೆಗೆದುಕೊಳ್ಳಿ. ಕಾಲುಚೀಲ, ಟೊಪ್ಪಿ, ಗವಸು, ವಿಂಡ್‌ಚೀಟರ್ ಇಲ್ಲಿಂದಲೇ ಕೊಂಡು ಒಯ್ಯಿರಿ. ಅವು ಹಗುರ, ಬಕೀಟಿನ ಪರೀಕ್ಷೆ ಮಾಡಲು ಸಮಯ ಸಿಗುತ್ತದೆ, ಮುಂದೆ ಹಿಮಾಲಯದ ರಾಫ್ಟಿಂಗ್‌ಗೂ ಬರುತ್ತವೆ. ಒಂದು ದಿನ ಮುಂಚೆ ಅಂಗಡಿಗೆ ಹೋಗಿ, ನಾಲ್ವರೂ ತೊಟ್ಟು ಕುಕ್ಕರಿಸಿ ನೋಡಿ. ಬೆಳಿಗ್ಗೆ ಆರಕ್ಕೆ ಅವಸರದಲ್ಲಿ ಕೊಟ್ಟದ್ದು ಹೊತ್ತು ಓಡಿದರೆ ಸಣಕಲ ಗೆಳೆಯರ ಪಾಲಿಗೆ ದೊಡ್ಡ ಸೂಟೇ ಬರುವುದು.

ಸ್ವಂತ ಸೂಟು ಕೊಂಡೇ ಕೊಂಡಿರೆಂದರೆ ಆರೈಕೆ ಇಷ್ಟು: ಬಳಸಿದ ದಿನವೇ ಸಿಹಿನೀರಲ್ಲಿ ಒಳಹೊರಗೆ ಅದ್ದಿ, ಜಿಪ್ಪಿನ ಮರಳು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದು ಮೇಣದಬತ್ತಿ ಸವರಿ. ವಾಷಿಂಗ್ ಮಷೀನು, ಬಿಸಿನೀರು, ಇಸ್ತ್ರಿ ಯಾವುದೂ ಬೇಡ. ಸೀಳಾದರೆ ಸೈಕಲ್ ಪಂಕ್ಚರ್ ಸಲ್ಯೂಷನ್ ಹಿಡಿಯುವುದಿಲ್ಲ, ನಿಯೋಪ್ರೀನ್ ಅಂಟು ಬೇಕು. ಪೂರ್ತಿ ಒಣಗಿದ ಸೀಳಿನ ಎರಡೂ ಮುಖಕ್ಕೆ ತೆಳ್ಳಗೆ ಹಚ್ಚಿ ಸುಮಾರು ಹತ್ತು ನಿಮಿಷ ಬಿಟ್ಟು, ಇನ್ನೊಂದು ಪದರ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒಂದೇ ಸಲ ಸರಿಯಾಗಿ ಜೋಡಿಸಿ ಒತ್ತಿ. ಒಮ್ಮೆ ಮುಟ್ಟಿದರೆ ಸರಿಸಲು ಬರುವುದಿಲ್ಲ. ಒಣಗಿಸುವುದು ಒಳಮೈ ಹೊರಗೆ ಮಾಡಿ, ಸೊಂಟದಲ್ಲಿ ಮಡಚಿ, ದಪ್ಪ ಕೋಲಿನ ಮೇಲೆ, ನೆರಳಲ್ಲಿ. ಮಾಳಿಗೆಯ ಮೇಲಿನ ತಂತಿಗೆ ಬಿಸಿಲಲ್ಲಿ ಹಾಕಿದರೆ ಏಪ್ರಿಲ್ ಮುಗಿಯುವುದರೊಳಗೆ ಅದರ ಮೃದುತನ ಹೋಗುತ್ತದೆ.